ಇಲ್ಲದ ಗುಡ್ಡ

ಕಟ್ಟು ಬಿಚ್ಚುವುದು ನನ್ನ ಕಸುಬು.
ಝೀರಿಕ್‌ಝೇ ಬಂದರಿನ ಹಿಂದಿನ ಓಣಿ,
ಕ್ರೈನನ ಹಳೆಪುಸ್ತಕದಂಗಡಿ.
ಮುಂದೆ ಗಾಜು, ಬೆಳಕು. ಹಿಂದೆ ನಾನು,
ಮೂಳೆಯ ಅಲಗು, ಹಿಟ್ಟಿನ ಅಂಟು,
ನೂರು ವರ್ಷದ ಧೂಳಿಗೆ ಬರುವ ಸೀನು.

ಇಡೀ ಪುಸ್ತಕಕ್ಕೆ ಈಗ ಗಿರಾಕಿ ಇಲ್ಲ, ಎನ್ನುತ್ತಾನೆ ಕ್ರೈನ್.
ನಕ್ಷೆಗೆ ಇದ್ದಾರೆ. ಬೇಸಿಗೆಗೆ ಬರುವ ಜರ್ಮನರು
ತಾವು ಮಿಂದ ಕರಾವಳಿಯನ್ನು
ಚೌಕಟ್ಟು ಹಾಕಿಸಿ ಒಯ್ಯುತ್ತಾರೆ.

ಈ ಸಲದ್ದು ದಪ್ಪ ಹೊತ್ತಗೆ. ದ್ವೀಪಗಳ ಚರಿತ್ರೆ,
ಹಂದಿತೊಗಲಿನ ರಟ್ಟು,
ತಾಮ್ರದಚ್ಚಿನ ಹದಿನೇಳು ನಕ್ಷೆ.
ಬರೆದವನು ಒಬ್ಬ ಪಾದ್ರಿ. ಕೊರೆದವನು
ಈ ಕಡೆ ತಲೆಹಾಕಿಯೂ ಮಲಗದವನು,
ನೋಡಿದರೇ ತಿಳಿಯುತ್ತದೆ:
ಅಂಗೈಯಂಥ ನಮ್ಮ ಸಪಾಟು ದ್ವೀಪದ ಮೇಲೆ
ಮೂರು ಗುಡ್ಡ ಇಟ್ಟಿದ್ದಾನೆ.

ಇರಲಿ, ಪಾಪ.
ತಾಮ್ರದಲ್ಲಿ ಎಲ್ಲವನ್ನೂ ತಿರುಗಮುರುಗ ಕೊರೆಯಬೇಕು,
ಎಡದ ಸಮುದ್ರ ಬಲಕ್ಕೆ,
ಊರ ಹೆಸರು ಬಾಲದಿಂದ ತಲೆಗೆ.
ದಿನವಿಡೀ ಕನ್ನಡಿಯೊಳಗಿನ ದೇಶದಲ್ಲಿ ದುಡಿದು
ಸಂಜೆ ಮನೆಗೆ ಯಾವ ಕಡೆ ತಿರುಗುತ್ತಿದ್ದನೋ.

ಮೂಲೆಯಲ್ಲೊಂದು ಸಿಂಹ, ನಮ್ಮ ಲಾಂಛನ,
ಸೊಂಟದವರೆಗೆ ನೀರಲ್ಲಿ.
ಏಳುತ್ತಿದೆ ಎಂದು ಶಾಲೆಯಲ್ಲಿ ಹೇಳಿಕೊಟ್ಟರು.
ನನ್ನಜ್ಜಿ ಒಪ್ಪಿರಲಿಲ್ಲ.

ತಂದು ಮಾರಿದವಳು ಯಾಕೊಮಿನಾ, ಎಂಬತ್ತೊಂದು ವರ್ಷ.
ಸೈಕಲ್ಲಿನ ಬುಟ್ಟಿಯಲ್ಲಿ,
ಮೀನಂಗಡಿಯ ಚೀಲದಲ್ಲಿ ಸುತ್ತಿ ತಂದಳು. ಚೌಕಾಸಿ ಮಾಡಲಿಲ್ಲ.
"ಅಟ್ಟದಲ್ಲಿತ್ತು. ಅದಕ್ಕೇ ಉಳಿಯಿತು."
ಅಷ್ಟೇ ಅಂದು, ಹಣ ಎಣಿಸದೆ,
ಗಾಳಿಗೆ ತಲೆ ತಗ್ಗಿಸಿ ಪೆಡಲು ತುಳಿದಳು.

ಹುಳುವೊಂದು ನನಗಿಂತ ಮೊದಲೇ ಓದಿದೆ.
ಕೌಂಟರ ವಂಶಾವಳಿ, ಉಪ್ಪಿನ ಸುಂಕ,
ಹೆರಿಂಗ್ ಮೀನಿನ ಅಧ್ಯಾಯ, ಮಾಟಗಾತಿಯ ವಿಚಾರಣೆ,
ಎಲ್ಲದರ ನಡುವೆ ಒಂದೇ ತೂತು,
ಸೂಜಿಯಷ್ಟು ಸಪೂರ.
ಯಾವ ದೊರೆಗೂ ಬಳಸಿ ಹೋಗಿಲ್ಲ.

ಒಂದೊಂದೇ ನಕ್ಷೆ ಬಿಡಿಸಿದೆ, ಪುಟ ಮಗುಚಿದೆ.
ದೋಣಿಗೂ ಅದೇ ಮಾತು ನಮ್ಮಲ್ಲಿ.

ಹದಿಮೂರರಲ್ಲಿ ಅಲಗು ನಿಂತಿತು.
ಪೆನ್ಸಿಲ್ಲು. ಮೊಂಡು ಮೊನೆ. ಒಡ್ಡಿನುದ್ದಕ್ಕೂ.
ಒಡ್ಡು ಒಡೆದಲ್ಲಿ ಎರಡು ಅಡ್ಡಗೀಟು:
ಐವತ್ತಮೂರು, ಫೆಬ್ರವರಿ ಒಂದು.
ಪಾದ್ರಿಯ ಬರಿಯ ಹೊಲಗಳ ಮೇಲೆ
ಪಾದ್ರಿ ಕಾಣದ ಮನೆಗಳು, ಚೌಕ ಚೌಕ,
ನೆರೆಯಲ್ಲಿ ಹೋದ ನೆರೆಯವರು:

ಲೇನ್ ಫರ್ಡೂನ್, ಮಾಡಿನ ಮೇಲೆ, ಮೊದಲು ಐವರು, ಆಮೇಲೆ ಇಬ್ಬರು.
ಬೌಟರ ಕೊಟ್ಟಿಗೆ, ಹಸುಗಳ ಹಗ್ಗ ಬಿಚ್ಚಲಾಗಲಿಲ್ಲ.
ಶಾಲೆ, ಗಡಿಯಾರ ಐದೂಕಾಲು.
ಬಾಗಿಲು, ಇಲ್ಲಿಂದ. ಒಂದು ಬಾಣ, ಉದ್ದಕ್ಕೆ,
ಹೊಲ ಕಾಲುವೆ ಇಗರ್ಜಿ ಏನನ್ನೂ ಲೆಕ್ಕಿಸದೆ. ಇಲ್ಲಿಗೆ.
ಬಾಣದ ಮೊನೆಯಲ್ಲಿ ಬೇರೆ ಕೈಬರಹ,
ಈಗಷ್ಟೇ ಅಕ್ಷರ ಕೂಡಿಸಲು ಕಲಿತದ್ದು:
ನಾನು.

ಕೆಳಗೆ, ಕೊರೆದವನ ದೊಡ್ಡ ಗುಡ್ಡದ ಪಕ್ಕ,
ದೊಡ್ಡವರ ಅಕ್ಷರದಲ್ಲಿ:
ಇದು ಇದ್ದಿದ್ದರೆ.

ಕ್ರೈನ್ ಬಂದು ಹೆಗಲ ಮೇಲಿಂದ ಇಣುಕಿದ.
"ಗೀಚಿದ್ದಾರಲ್ಲ. ಬ್ರೆಡ್ಡಿನ ತಿರುಳಲ್ಲಿ ಮೆತ್ತಗೆ ಉಜ್ಜು,
ಇನ್ನೂರು ಯೂರೋ ಹೆಚ್ಚು ಬರುತ್ತೆ."
ತಿರುಳು ತೆಗೆದೆ. ಉಂಡೆ ಕಟ್ಟಿದೆ.
ಅವನು ಆಚೆ ಹೋದ ಮೇಲೆ
ತಿಂದೆ.

ಹದಿನಾರು ನಕ್ಷೆ ಕಿಟಕಿಗೆ ಬಂದವು.
ಹದಿಮೂರನ್ನು ಹುಳು ಮುಗಿಸಿತ್ತು ಎಂದೆ, ನನ್ನ ಸಂಬಳದಲ್ಲಿ ಮುರಿದುಕೊಂಡ.

ಭಾನುವಾರ ಅವಳ ಮನೆ ಹುಡುಕಿ ಹೋದೆ.
ಹೊಸ ಬಡಾವಣೆ, ನೆಲಮಹಡಿ, ಕಿಟಕಿಯಲ್ಲಿ ಜೆರೇನಿಯಂ.
ನಕ್ಷೆ ಬಿಡಿಸಲು ಬಿಡಲಿಲ್ಲ ಯಾಕೊಮಿನಾ,
ಸುರುಳಿಯ ಮೇಲೆ ಒಮ್ಮೆ ಕೈಯಿಟ್ಟು ತೆಗೆದಳು,
ಕಾಫಿ ಬಗ್ಗಿಸಿದಳು.
ಮಾಡನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ.
"ಇಲ್ಲಿ ಮೇಲೆ ಬೇರೆಯವರಿದ್ದಾರೆ.
ನಿನ್ನ ಮನೆಗೆ ಅಟ್ಟ ಇದೆಯಾ?"

ಇದೆ, ಎಂದೆ.
ಏಣಿ ತರಬೇಕು.